ಫೆಬ್ರವರಿಯ ನೆಲ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಒಂದು ಮನೆಯ ಹಿತ್ತಲು. ಜೂನ್ ತಿಂಗಳ ಕೊನೆ. ಸಾಗರದ ಕಡೆಯಿಂದ ಬಂದಿರುವ, ಅಡಿಕೆ ತೋಟ ನೋಡಿಕೊಳ್ಳುವ ದೊಡ್ಡಮ್ಮ. ಇಲ್ಲೇ ಸಂಸಾರ ಹೂಡಿರುವ ತಂಗಿಯ ಮಗಳು.

ದೊಡ್ಡಮ್ಮ: ಇದನ್ನ ಜೆರೇನಿಯಂ ಅಂತೀಯಲ್ಲೇ, ನಂಗೆ ನಂಬಿಕೆ ಬರ್ತಾ ಇಲ್ಲ. ನಮ್ಮನೆ ಜಗಲಿ ಮುಂದೆ ಕುಂಡದಲ್ಲಿ ಇದೆಯಲ್ಲ, ದಪ್ಪ ಎಲೆ, ಉದ್ದ ದೇಟು, ತುದಿಯಲ್ಲಿ ಕೆಂಪು ಗೊಂಚಲು, ಅದು ಜೆರೇನಿಯಂ. ಇದು ಯಾವುದೋ ಬದುವಿನ ಮೇಲಿನ ಕಳೆ ಇದ್ದ ಹಾಗಿದೆ.

ಮಗಳು: ನಿಮ್ಮನೆಯದ್ದು ಪೆಲಾರ್ಗೋನಿಯಂ, ದೊಡ್ಡಮ್ಮ. ದಕ್ಷಿಣ ಆಫ್ರಿಕಾ ಕಡೆಯದ್ದು. 1753ರಲ್ಲಿ ಲಿನೇಯಸ್ ಎರಡನ್ನೂ ಒಂದೇ ಕುಲಕ್ಕೆ ಹಾಕಿಬಿಟ್ಟ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಬೇರೆ ಮಾಡಿದ. ಅಷ್ಟರಲ್ಲಿ ಹಳೇ ಹೆಸರು ಜನರ ಬಾಯಲ್ಲಿ ಕೂತುಬಿಟ್ಟಿತ್ತು, ಈಗಲೂ ಕೂತೇ ಇದೆ. ಹೂ ಕಿತ್ತು ನೋಡಿ. ಇದರ ಐದು ಎಸಳೂ ಒಂದೇ ಅಳತೆ. ಕುಂಡದ ಒಂಟಿ ಸುತ್ತಿನ ಹೂವಲ್ಲಿ ಮೇಲಿನ ಎರಡರ ಗತ್ತೇ ಬೇರೆ, ಕೆಳಗಿನ ಮೂರೇ ಬೇರೆ. ಅದು ಇಲ್ಲಿಯ ಒಂದು ಗಟ್ಟಿ ಹಿಮಕ್ಕೆ ಕರಗಿ ಹೋಗುತ್ತೆ. ಈ ಬರ್ಚ್ ಮರದ ಕೆಳಗೆ ಇರೋದು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದ್ರೂ ಸಾಯಲ್ಲ.

ದೊಡ್ಡಮ್ಮ: ಸಾಯದೇ ಇರೋದು ಒಂದು ಗುಣವಾ? ಸಾಯದೇ ಇರೋ ಗಿಡಕ್ಕೇ ಅಲ್ವಾ ನಾವು ಕಳೆ ಅನ್ನೋದು.

ಮಗಳು: ಅದೇ ಬೇಕು ನಂಗೆ. ಕಳೆಯ ಹಟ ಇರಬೇಕು, ಕಳೆಯ ಉಪದ್ರ ಇರಬಾರದು. ಇಲ್ಲಿ ಮಣ್ಣು ಬೆತ್ತಲೆ ಬಿಟ್ರೆ ಒಂದೇ ತಿಂಗಳಲ್ಲಿ ಹಸಿರಾಗುತ್ತೆ, ಆದರೆ ನಾವು ಬಯಸಿದ ಹಸಿರಲ್ಲ. ಎರಡನೇ ಮಹಾಯುದ್ಧ ಆದ ಮೇಲೆ ಇಲ್ಲಿಯ ದೊಡ್ಡ ಮನೆಗಳಿಗೂ ತೋಟದ ಆಳು ಸಿಗೋದು ಕಷ್ಟ ಆಯ್ತು. ಬಗ್ಗಿ ಕಳೆ ಕೀಳೋರು ಯಾರು? ಆಗ ನೆಲ ಮುಚ್ಚೋ ಗಿಡಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಸಾಮರ್ಸೆಟ್‌ನ ಈಸ್ಟ್ ಲ್ಯಾಂಬ್ರೂಕ್‌ನಲ್ಲಿ ಮಾರ್ಜರಿ ಫಿಶ್ ಅಂತ ಒಬ್ಬರಿದ್ರು. ಲಂಡನ್ನಿನಲ್ಲಿ ಪತ್ರಿಕೆಯ ಕಚೇರಿಯಲ್ಲಿ ಕೆಲಸ ಮಾಡಿಕೊಂಡಿದ್ದವರು, ಆಮೇಲೆ ಗಂಡನ ಜೊತೆ ಹಳ್ಳಿಗೆ ಹೋಗಿ ಸ್ವಂತ ಕೈಯಿಂದ ತೋಟ ಎಬ್ಬಿಸಿದ್ರು. ನೆಲ ಮುಚ್ಚೋ ಗಿಡಗಳ ಮೇಲೇ 1964ರಲ್ಲಿ ಒಂದು ಪುಸ್ತಕ ಬರೆದ್ರು. ಅವರಿಗೆ ಈ ಜೆರೇನಿಯಂ ಅಂದ್ರೆ ಭಾರೀ ಅಕ್ಕರೆ.

ದೊಡ್ಡಮ್ಮ: ಆಳು ಸಿಗದ ಕಷ್ಟ ಬಿಡು, ಅದನ್ನ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾವು ನೆಲಕ್ಕೆ ಸೊಪ್ಪು ಹಾಸ್ತೀವಿ, ತರಗೆಲೆ ಹಾಸ್ತೀವಿ. ವರ್ಷಕ್ಕೊಂದು ಸಲ ಹಾಸಿದ್ರೆ ಮುಗೀತು. ನೀನು ಗಿಡವನ್ನೇ ಹಾಸ್ತೀನಿ ಅಂತೀಯ. ಅದಕ್ಕೆ ನೀರು ಬೇಕು, ಗೊಬ್ಬರ ಬೇಕು. ಮರದ ಬೇರಿನ ಜೊತೆ ಜಗಳಕ್ಕೆ ನಿಲ್ಲಲ್ವಾ?

ಮಗಳು: ಹೆಚ್ಚಿನ ಗಿಡ ಆ ಜಗಳದಲ್ಲಿ ಸೋಲುತ್ತೆ. ಬರ್ಚ್ ಮರದ ಬೇರು ಮೇಲೇ ಹರಡಿ ನೀರೆಲ್ಲ ಕುಡಿದುಬಿಡುತ್ತೆ. ಎಲೆ ದಟ್ಟವಾದ ಮೇಲೆ ಸಣ್ಣ ಮಳೆ ಬುಡಕ್ಕೆ ಬೀಳೋದೂ ಇಲ್ಲ. ನೆರಳು, ಅದರ ಮೇಲೆ ಒಣ. ಎರಡೂ ಕೂಡಿದ ಜಾಗದಲ್ಲಿ ಬದುಕೋ ಗಿಡ ಬೆರಳೆಣಿಕೆಯಷ್ಟು. ಅದರಲ್ಲಿ ಇದೊಂದು, ಜೆರೇನಿಯಂ ಮ್ಯಾಕ್ರೋರೈಝಂ. ಒಂದು ಎಲೆ ಹಿಸುಕಿ ಮೂಸಿ.

ದೊಡ್ಡಮ್ಮ: ಅಬ್ಬ! ಘಾಟು. ಕೆಟ್ಟ ವಾಸನೆ ಅನ್ನೋ ಹಾಗಿಲ್ಲ, ಒಳ್ಳೇದು ಅನ್ನೋ ಹಾಗೂ ಇಲ್ಲ. ದನ ಮೂಸಿ ನೋಡಲ್ಲ ಇದನ್ನ.

ಮಗಳು: ಮೊಲ, ಜಿಂಕೆನೂ ಸಾಮಾನ್ಯವಾಗಿ ಮುಟ್ಟಲ್ಲ. ಬಲ್ಗೇರಿಯಾದಲ್ಲಿ ಇದನ್ನ ಆರೋಗ್ಯದ ಗಿಡ ಅಂತ ಗೌರವಿಸ್ತಾರೆ; ಬಟ್ಟಿ ಇಳಿಸಿ ಎಣ್ಣೆನೂ ತೆಗೀತಾರೆ.

ದೊಡ್ಡಮ್ಮ: ನೀಲಗಿರಿಯಲ್ಲಿ ಜೆರೇನಿಯಂ ಎಣ್ಣೆ ತೆಗೀತಾರಲ್ಲ, ಅದು?

ಮಗಳು: ಅದು ನಿಮ್ಮ ಕುಂಡದ ಗಿಡದ ದಾಯಾದಿ, ಪೆಲಾರ್ಗೋನಿಯಂ. ಸೋಪಿನ ಗುಲಾಬಿ ಪರಿಮಳಕ್ಕೆ ಹಾಕೋದು. ಇದರ ಸಂಬಂಧ ಇಲ್ಲ. ಇದು ಬಾಲ್ಕನ್ ಬೆಟ್ಟಗಳದ್ದು. ವಾಲ್ಟರ್ ಇಂಗ್ವರ್ಸನ್ ಅನ್ನೋ ನರ್ಸರಿಯವರು 1929ರಲ್ಲಿ ಮಾಂಟೆನೆಗ್ರೋದ ಬೆಟ್ಟದಿಂದ ಒಂದು ತಿಳಿಗುಲಾಬಿ ಹೂವಿನದ್ದು ತಂದ್ರು. ಇಲ್ಲಿ ನಿಮ್ಮ ಕಾಲ ಹತ್ತಿರ ಇರೋದು ಅದೇ ತಳಿ. ಬುಡ ನೋಡಿ. ಕಾಂಡ ಮಣ್ಣಿನ ಒಳಗಲ್ಲ, ಮೇಲ್ಮೈಯಲ್ಲೇ ಶುಂಠಿ ಬೆರಳಿನ ಹಾಗೆ ದಪ್ಪಗೆ ಹರಿದಿದೆ. ಬರಗಾಲಕ್ಕೆ ಅದೇ ಉಗ್ರಾಣ. ಅದರ ತುದಿಯಿಂದ ಎಲೆಗಳು ಒಂದರ ಮೇಲೊಂದು ಎದ್ದು ಕೆಳಗೆ ಬೆಳಕೇ ಬೀಳದ ಹಾಗೆ ಮಾಡ್ತವೆ. ಕಳೆಯ ಬೀಜಕ್ಕೆ ಬೆಳಕಿಲ್ಲ. ಕಳೆ ತಡೆಯೋದು ಹೀಗೆ, ಬೇರೆ ಯಾವ ಮಂತ್ರವೂ ಇಲ್ಲ.

ದೊಡ್ಡಮ್ಮ: ತುಂಡು ಮುರಿದು ನೆಟ್ರೆ ಬರುತ್ತಾ?

ಮಗಳು: ಬೇರಿಲ್ಲದ ತುಂಡೂ ಬರುತ್ತೆ. ಒಂದು ಗೇಣು ಕಾಂಡ, ತುದಿಗೆ ಎರಡು ಎಲೆ ಇದ್ರೆ ಸಾಕು, ಕಾಂಡ ಮುಚ್ಚೋ ಹಾಗೆ ಓರೆಯಾಗಿ ಹೂತಿಡೋದು. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇ ಕಾಲ; ಮಣ್ಣಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತೆ, ಮಳೆನೂ ಶುರುವಾಗಿರುತ್ತೆ. ಅಂತರ 40 ಸೆಂಟಿಮೀಟರ್ ಇಟ್ಕೊಂಡ್ರೆ ಚದರ ಮೀಟರಿಗೆ ಸುಮಾರು 6 ಗಿಡ.

ದೊಡ್ಡಮ್ಮ: ಅಷ್ಟು ದೂರದೂರ ನೆಟ್ರೆ ನಡುವಿನ ಮಣ್ಣು ಎಷ್ಟು ದಿನ ಬಯಲಾಗಿರುತ್ತೆ?

ಮಗಳು: ಕೂಡಿಕೊಳ್ಳೋಕೆ ಎರಡು ಬೇಸಿಗೆ ಬೇಕು.

ದೊಡ್ಡಮ್ಮ: ಹಾಗಾದ್ರೆ ಆ ಎರಡು ವರ್ಷ ಕಳೆ ಕೀಳೋದು ಯಾರು? ಆಳು ಬೇಡ ಅಂತ ತಾನೇ ಈ ಗಿಡ?

ಮಗಳು: ಅದನ್ನ ಯಾರೂ ಗಟ್ಟಿಯಾಗಿ ಹೇಳಲ್ಲ, ದೊಡ್ಡಮ್ಮ. ನರ್ಸರಿಯ ಚೀಟಿಯಲ್ಲಿ ನಿರ್ವಹಣೆ ಕಡಿಮೆ ಅಂತ ಬರೆದಿರುತ್ತೆ. ಕಡಿಮೆ ಆಗೋದು ಮೂರನೇ ವರ್ಷದಿಂದ. ಮೊದಲ ಎರಡು ವರ್ಷ ಬೇರೆ ಹೂವಿನ ಮಡಿಗಿಂತ ಹೆಚ್ಚೇ ಕೆಲಸ. ಗಿಡದ ನಡುವೆ ಕಾಂಪೋಸ್ಟನ್ನೋ ಮರದ ತೊಗಟೆ ಚೂರನ್ನೋ 5 ಸೆಂಟಿಮೀಟರ್ ದಪ್ಪ ಹಾಸಬೇಕು, ಬುಡಕ್ಕೆ ತಾಗದ ಹಾಗೆ. ಮೊದಲ ಬೇಸಿಗೆ ವಾರಕ್ಕೊಮ್ಮೆ ಚೆನ್ನಾಗಿ ನೀರು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದ್ರೆ ಬೇರು ಮೇಲೇ ಉಳಿದುಬಿಡುತ್ತೆ.

ದೊಡ್ಡಮ್ಮ: ಅಂದ್ರೆ ಕೊನೆಗೂ ತರಗೆಲೆ ಹಾಸಲೇಬೇಕು. ಹೇಳಿದ್ದೆ ತಾನೆ.

ಮಗಳು: ಹೇಳಿದ್ರಿ.

ದೊಡ್ಡಮ್ಮ: ಅದಕ್ಕೂ ಮೊದಲು ಇನ್ನೊಂದಿದೆ. ಹೊಸ ಅಡಿಕೆ ಸಸಿ ಇಡುವಾಗ ಗರಿಕೆ, ಜೇಕು ಇದ್ದ ಜಾಗವನ್ನ ಎಷ್ಟು ಸಲ ಅಗೆಸಿದ್ರೂ ಸಾಕಾಗಲ್ಲ. ಒಂದು ಗಂಟು ಉಳಿದ್ರೂ ಮತ್ತೆ ಬರುತ್ತೆ. ಇಲ್ಲಿ ಅಂಥದ್ದಿಲ್ವಾ?

ಮಗಳು: ಮೂರಿದೆ. ಕೌಚ್ ಗ್ರಾಸ್, ಇದು ನಿಮ್ಮ ಗರಿಕೆಯ ಹಾಗೆ ನೆಲದೊಳಗೆ ಬಿಳಿ ಕಾಂಡ ಬಿಡೋ ಹುಲ್ಲು. ಬೈಂಡ್‌ವೀಡ್, ಬಿಳಿ ಗಂಟೆ ಹೂವಿನ ಬಳ್ಳಿ. ಮೂರನೇದು ಗ್ರೌಂಡ್ ಎಲ್ಡರ್. ಎಲೆ ಎಳೇದಿದ್ದಾಗ ತಿನ್ನಬಹುದು, ಹಿಂದೆ ಜನ ಸೊಪ್ಪಿಗಂತಲೇ ಬೆಳೆಸ್ತಿದ್ರು.

ದೊಡ್ಡಮ್ಮ: ತಿನ್ನೋ ಸೊಪ್ಪಾದ್ರೆ ಕೀಳೋದ್ಯಾಕೆ, ಮಾರಾಯ್ತಿ? ತಂಬುಳಿ ಮಾಡು.

ಮಗಳು: ಊರಿಗೆಲ್ಲ ತಂಬುಳಿ ಹಂಚಿದ್ರೂ ಅದು ಮುಗಿಯಲ್ಲ! ಒಂದು ಮಾತು ಮಾತ್ರ ನಿಜ. ಈ ಮೂರನ್ನ ಯಾವ ಜೆರೇನಿಯಮ್ಮೂ ಹೊಸಕಿ ಹಾಕಲ್ಲ. ಮ್ಯಾಕ್ರೋರೈಝಂ ಬೀಜದಿಂದ ಬರೋ ಕಳೆಗೆ ಯಮ, ಬೇರಿನಿಂದ ಬರೋ ಕಳೆಗೆ ಆಸರೆ. ಬೈಂಡ್‌ವೀಡ್ ಇರೋ ಜಾಗದಲ್ಲಿ ನೆಟ್ರೆ ಅದರ ಬೇರು ಇದರ ದಪ್ಪ ಕಾಂಡದ ಅಡಿ ಹೊಕ್ಕು ಕೂರುತ್ತೆ. ಆಮೇಲೆ ಎರಡನ್ನೂ ಕಿತ್ತು ಹಾಕೋದೇ.

ದೊಡ್ಡಮ್ಮ: ಸರಿ. ಬಿಸಿಲಿನ ಕಡೆ ಕಲ್ಲುಹಾದಿಯ ಅಂಚಿಗೆ ಗಿಡ್ಡಗಿದೆಯಲ್ಲ, ಬಿಳೀ ಹೂವಲ್ಲಿ ಸ್ವಲ್ಪ ಗುಲಾಬಿ ಇರೋದು. ಅದು ಚೆಂದ ಇದೆ. ಅದ್ಯಾವುದು?

ಮಗಳು: ಅದು ಬಿಯೋಕೋವೋ. ಅದರದ್ದು ತಮಾಷೆಯ ಕಥೆ. 1974ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಈ ಮ್ಯಾಕ್ರೋರೈಝಮ್ಮನ್ನ ಡಾಲ್ಮೇಷಿಯಾದ ಒಂದು ಕುಳ್ಳ ಜಾತಿಯ ಜೊತೆ ಕೂಡಿಸಿ ಹೊಸ ಮಿಶ್ರತಳಿ ಮಾಡಿದ್ರು. ಕೇಂಬ್ರಿಜಿನ ಹೆಸರನ್ನೇ ಅದಕ್ಕೆ ಇಟ್ರು. ಇತ್ತ ಕ್ರೊಯೇಷಿಯಾದ ಬಿಯೋಕೋವೋ ಬೆಟ್ಟದಲ್ಲಿ ಅದೇ ಎರಡು ಜಾತಿಗಳು ಯಾರ ಕೈಯೂ ಇಲ್ಲದೆ ಕೂಡಿ ಅದೇ ಮಿಶ್ರತಳಿ ಹುಟ್ಟಿಬಿಟ್ಟಿತ್ತು. ಜರ್ಮನಿಯ ಒಬ್ಬ ನರ್ಸರಿಯವರು ಅದನ್ನ ಕಂಡು ತಂದ್ರು. ಬೀಜ ಕಟ್ಟಲ್ಲ. ಒಂದು ಗೇಣಿಗಿಂತ ಮೇಲೆ ಏಳಲ್ಲ. ಸ್ವಲ್ಪ ಬಿಸಿಲು ಬೇಕು, ನೀರು ನಿಲ್ಲಬಾರದು. 30 ಸೆಂಟಿಮೀಟರ್ ಅಂತರದಲ್ಲಿ ನೆಟ್ರೆ ಅಂಚಿಗೆ ಇದಕ್ಕಿಂತ ಒಳ್ಳೇದು ನಂಗೆ ಗೊತ್ತಿಲ್ಲ.

ದೊಡ್ಡಮ್ಮ: ಹಾಗಿದ್ರೆ ಮನೆ ಬಾಗಿಲ ಎದುರೇ ಆ ನೀಲಿ ಹೂವಿನದ್ದು ಯಾಕೆ ಹಾಕಿದ್ದು? ನಿನ್ನ ಗಂಡ ದಿನಾ ಅದರದ್ದೇ ಫೋಟೋ ತೆಗೆದು ನಂಗೆ ಕಳಿಸ್ತಿದ್ರು. ಅದನ್ನ ನೋಡೇ ಬಂದೆ ಅಂದ್ರೂ ತಪ್ಪಿಲ್ಲ.

ಮಗಳು: ಅದು ರೋಝಾನ್. ಅದು ಬಿಡಿ, ಎಲ್ಲರಿಗೂ ಅದೇ ಬೇಕು. ಸಾಮರ್ಸೆಟ್‌ನಲ್ಲಿ ಡೊನಾಲ್ಡ್ ಮತ್ತು ರೋಝಾನ್ ವಾಟರರ್ ಅನ್ನೋ ದಂಪತಿಯ ತೋಟದಲ್ಲಿ 1989ರಲ್ಲಿ ತಾನಾಗೇ ಹುಟ್ಟಿದ್ದು. 2000ದಲ್ಲಿ ಚೆಲ್ಸಿ ಹೂವಿನ ಪ್ರದರ್ಶನಕ್ಕೆ ಬಂತು. 2013ರಲ್ಲಿ ಆ ಪ್ರದರ್ಶನಕ್ಕೆ ನೂರು ವರ್ಷ ತುಂಬಿದಾಗ ಶತಮಾನದ ಗಿಡ ಅಂತ ಇದನ್ನೇ ಆರಿಸಿದ್ರು. ತಂದೆ ತಾಯಿ ಎರಡೂ ನಮ್ಮ ಕಡೆಯವು, ಹಿಮಾಲಯದವು. ಒಂದರ ಹೆಸರಲ್ಲೇ ಹಿಮಾಲಯ ಇದೆ. ಇನ್ನೊಂದಕ್ಕೆ ವಾಲಿಚ್ ಅನ್ನೋ ಡೇನಿಷ್ ಸಸ್ಯತಜ್ಞನ ಹೆಸರು. 19ನೇ ಶತಮಾನದ ಮೊದಲರ್ಧದಲ್ಲಿ ಕಲ್ಕತ್ತಾದ ಸಸ್ಯೋದ್ಯಾನ ನೋಡಿಕೊಂಡಿದ್ದವನು.

ದೊಡ್ಡಮ್ಮ: ಅಂತೂ ನಮ್ಮ ಕಡೆಯ ಸಂಬಂಧ. ಹೂವೂ ಭರ್ತಿ ಇದೆ.

ಮಗಳು: ಜೂನ್‌ನಿಂದ ಮೊದಲ ಹಿಮ ಬೀಳೋವರೆಗೆ ಬಿಡುತ್ತೆ. ಬೀಜ ಕಟ್ಟದ ಗಿಡ, ಅದಕ್ಕೇ ಹೂ ನಿಲ್ಲಿಸಲ್ಲ. ಆದರೆ ನೆಲ ಮುಚ್ಚೋ ಗಿಡ ಅಂತ ಅದನ್ನ ಮಾರೋದಿದೆಯಲ್ಲ, ಅಲ್ಲಿ ನಂದೊಂದು ತಕರಾರು. ಆ ಬಳ್ಳಿಯಂಥ ಕೊಂಬೆಗಳು ಎಲ್ಲೂ ಬೇರು ಬಿಟ್ಟಿಲ್ಲ, ಎತ್ತಿ ನೋಡಿ. ಒಂದು ಮೀಟರ್ ಹರಡಿರೋದೆಲ್ಲ ನಡುವಿನ ಒಂದು ಮುಷ್ಟಿ ಬುಡದಿಂದ ಬಂದಿರೋದು. ನವೆಂಬರ್ ಮುಗಿಯೋದರೊಳಗೆ ಎಲ್ಲ ಕೊಳೆತು, ಆ ಮುಷ್ಟಿ ಬುಡ ಮಾತ್ರ ಮಣ್ಣೊಳಗೆ ಉಳಿಯುತ್ತೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬರೀ ಮಣ್ಣು. ಆವಾಗಲೂ ಇಲ್ಲಿ ಮಳೆ ಬೀಳ್ತಾನೇ ಇರುತ್ತೆ. ಕೆಲವು ಕಳೆ ಹುಟ್ಟೋದೂ ಆ ತಣ್ಣನೆ ಕಾಲದಲ್ಲೇ.

ದೊಡ್ಡಮ್ಮ: ಹ್ಞೂಂ. ನಮ್ಮಲ್ಲೂ ಮಳೆಗಾಲದಲ್ಲಿ ಮುಚ್ಚಿರದ ನೆಲ ನೆಲವೇ ಅಲ್ಲ. ಮಣ್ಣು ಕೊಚ್ಚಿ ಹೋಗಿ ಬೇರು ಹಲ್ಲು ಕಿರೀತದೆ.

ಮಗಳು: ಅದಕ್ಕೇ ನಾನು ಯಾರಿಗಾದ್ರೂ ಗಿಡ ಆರಿಸಿಕೊಡೋವಾಗ ಜೂನ್ ತಿಂಗಳ ಚಿತ್ರ ನೋಡಬೇಡಿ ಅಂತೀನಿ. ಫೆಬ್ರವರಿಯಲ್ಲಿ ಯಾರ ತೋಟಕ್ಕಾದ್ರೂ ಹೋಗಿ ನೆಲ ನೋಡಿ. ಮ್ಯಾಕ್ರೋರೈಝಂ ಅರ್ಧ ಎಲೆ ಉದುರಿಸಿ, ಉಳಿದದ್ದು ಕೆಂಪಾಗಿ ನೆಲಕ್ಕೆ ಅಂಟಿಕೊಂಡಿರುತ್ತೆ. ಬಿಯೋಕೋವೋ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಅವು ನೆಲ ಮುಚ್ಚಿದ ಗಿಡಗಳು. ರೋಝಾನ್ ಹೂವಿನ ಗಿಡ. ಒಳ್ಳೇ ಹೂವಿನ ಗಿಡ, ಆದರೆ ಹೂವಿನದ್ದೇ.

ದೊಡ್ಡಮ್ಮ: ಆದರೂ ಬಾಗಿಲಲ್ಲೇ ಇಟ್ಟಿದ್ದೀಯ.

ಮಗಳು: ಅದರ ಸುತ್ತ ಕ್ರೋಕಸ್, ಸ್ನೋಡ್ರಾಪ್ ಗೆಡ್ಡೆ ಹೂತಿದ್ದೀನಿ. ಅದು ಮಲಗಿದಾಗ ಅವು ಏಳ್ತವೆ, ಅವುಗಳ ಎಲೆ ಹಳದಿಯಾಗೋ ಹೊತ್ತಿಗೆ ಅದು ಎದ್ದು ಮುಚ್ಚಿಬಿಡುತ್ತೆ.

ದೊಡ್ಡಮ್ಮ: ಹಾಗಾದ್ರೆ ಅಡ್ಡಿಲ್ಲ. ನಾವೂ ಅಡಿಕೆ ಮಧ್ಯೆ ಬಾಳೆ, ಯಾಲಕ್ಕಿ ಇಡ್ತೀವಿ. ಆದರೆ ನಿನ್ನೆ ನೀನು ಮಾಡಿದ್ದು ಮಾತ್ರ ನಂಗೆ ಸರಿಬರಲಿಲ್ಲ. ಬೇಲಿ ಹತ್ತಿರದ ಗಿಡಗಳನ್ನ, ಎಲೆ ಹಸಿರಿದ್ದಾಗಲೇ, ಬುಡಕ್ಕೆ ಕತ್ತರಿಸಿ ಹಾಕಿದೆ. ಹೂ ಮುಗೀತು ಅಂತ ಗಿಡಾನೇ ಬೋಳಿಸೋದಾ?

ಮಗಳು: ಅವು ಬೇರೆ ಗುಂಪು. ಕಡುನೇರಳೆ ಬಣ್ಣದ ಫಿಯಂ, ನೀಲಿ ಮ್ಯಾಗ್ನಿಫಿಕಂ, ಗುಲಾಬಿ ಆಕ್ಸೋನಿಯಾನಂ. ಹೂ ಮುಗಿದ ಮೇಲೆ ಅವುಗಳ ಕಾಂಡ ಹೊರಕ್ಕೆ ಬಿದ್ದು ನಡುವೆ ಬಾಯಿ ಬಿಡುತ್ತೆ. ಆ ಬಾಯಿಗೆ ಬೆಳಕು, ಬೆಳಕಿಗೆ ಕಳೆ. ಎಲೆಗೆ ಬೂದಿರೋಗನೂ ಹತ್ತುತ್ತೆ. ನೆಲದಿಂದ ನಾಲ್ಕು ಬೆರಳು ಬಿಟ್ಟು ಎಲ್ಲ ಕತ್ತರಿಸಿ, ಒಂದು ಕೊಡ ನೀರು ಕೊಟ್ರೆ ಎರಡು ಮೂರು ವಾರದಲ್ಲಿ ಹೊಸ ಎಲೆ ಗುಂಡಗೆ ಎದ್ದು ಬರುತ್ತೆ. ಮ್ಯಾಗ್ನಿಫಿಕಂ ಮತ್ತೆ ಹೂ ಬಿಡಲ್ಲ, ಉಳಿದೆರಡು ಸ್ವಲ್ಪ ಬಿಡ್ತವೆ. ನಂಗೆ ಆ ಹೊಸ ಎಲೆ ಮುಖ್ಯ.

ದೊಡ್ಡಮ್ಮ: ಬರ್ಚ್ ಬುಡದ್ದನ್ನೂ ಹಾಗೇ ಮಾಡ್ತೀಯಾ?

ಮಗಳು: ಇಲ್ಲ, ಅದನ್ನ ಮುಟ್ಟಬಾರದು. ಅದೂ ಬಿಯೋಕೋವೋನೂ ಎಲೆಯನ್ನ ಕೂಡಿಟ್ಟುಕೊಳ್ಳೋ ಗಿಡಗಳು. ಒಣಗಿದ ಹೂದಂಟು ಚಿವುಟಿದ್ರೆ ಸಾಕು. ಮರದ ಕೆಳಗೆ ಬೇಸಿಗೆ ನಡುವೆ ಎಲೆಯೆಲ್ಲ ಬೋಳಿಸಿದ್ರೆ ಮತ್ತೆ ಎಬ್ಬಿಸೋಕೆ ನೀರೆಲ್ಲಿದೆ?

ದೊಡ್ಡಮ್ಮ: ಹುಳ?

ಮಗಳು: ಚಿಪ್ಪಿಲ್ಲದ ಬಸವನಹುಳು ಇಲ್ಲಿ ಮಳೆ ಬಂದ ರಾತ್ರಿ ಡೇಲಿಯಾ, ಹೋಸ್ಟ ಎಲ್ಲ ಮೇಯ್ದು ಹೋಗುತ್ತೆ. ಜೆರೇನಿಯಂ ಹತ್ತಿರ ಅಷ್ಟಾಗಿ ಸುಳಿಯಲ್ಲ. ಎಲೆಯಲ್ಲಿ ಸಣ್ಣ ತೂತು ಮಾಡೋದೊಂದಿದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾಟ ಕೊಡೋದು ಮೂತಿಹುಳು.

ದೊಡ್ಡಮ್ಮ: ತೆಂಗಿಗೆ ಬರ್ತದಲ್ಲ, ಕೆಂಪಗೆ?

ಮಗಳು: ಆ ಬಳಗದ್ದೇ, ಆದರೆ ಕಪ್ಪಗೆ ಚಿಕ್ಕದು. ದೊಡ್ಡ ಹುಳ ಎಲೆಯ ಅಂಚು ಕಚ್ಚುತ್ತೆ, ಮರಿ ಮಣ್ಣೊಳಗೆ ಬೇರು ತಿನ್ನುತ್ತೆ. ಬಿಳಿ ಮೈ, ಕಂದು ತಲೆ, ಬಾಗಿ ಮಲಗಿರುತ್ತೆ. ಕುಂಡದಲ್ಲಿ ಬೆಳೆದ ಗಿಡಕ್ಕೆ ಹೆಚ್ಚು. ಅಂಗಡಿಯಿಂದ ತಂದ ಗಿಡವನ್ನ ಕುಂಡದಿಂದ ತೆಗೆದು ಬೇರು ಬಿಡಿಸಿ ನೋಡದೆ ನಾನು ನೆಡಲ್ಲ. ಬಂದೇ ಬಂತು ಅಂದ್ರೆ ಆಗಸ್ಟ್ ಕೊನೆಗೆ, ಮಣ್ಣು ಬೆಚ್ಚಗಿರೋವಾಗ, ಆ ಮರಿಗಳನ್ನ ಕೊಲ್ಲೋ ನೆಮಟೋಡ್ ಸಿಗುತ್ತೆ, ನೀರಲ್ಲಿ ಕಲಸಿ ಹೊಯ್ಯೋದು.

ದೊಡ್ಡಮ್ಮ: ಇದೇನು, ಹೂ ಉದುರಿದ ಮೇಲೆ ಈ ಕೊಕ್ಕಿನ ಹಾಗೆ ನಿಂತಿರೋದು?

ಮಗಳು: ಬೀಜದ ಗೂಡು. ಕೊಕ್ಕಿನ ಬುಡದಲ್ಲಿ ಐದು ಬೀಜ, ಒಂದೊಂದಕ್ಕೂ ಕೊಕ್ಕಿನುದ್ದದ ಒಂದು ಪಟ್ಟಿ. ಪಟ್ಟಿ ಒಣಗ್ತಾ ಹೊರಮೈ ಬಿಗಿಯುತ್ತೆ, ಬಿಗಿದು ಬಿಗಿದು ಒಂದು ಕ್ಷಣದಲ್ಲಿ ಮೇಲಕ್ಕೆ ಸುರುಳಿ ಸುತ್ತಿ ಬೀಜವನ್ನ ಎಸೆಯುತ್ತೆ. ಕೆಲವು ಜಾತಿಗಳಲ್ಲಿ ಮೀಟರುಗಟ್ಟಲೆ ದೂರ ಹೋಗುತ್ತೆ. ಆಕ್ಸೋನಿಯಾನಂನ ಹೂದಂಟನ್ನ ಅದಕ್ಕೂ ಮೊದಲೇ ಕತ್ತರಿಸೋದು. ಬಿಟ್ರೆ ತೋಟದ ತುಂಬ ಮರಿ, ಯಾವುದೂ ತಾಯಿಯ ಹಾಗಿರಲ್ಲ. ತಾಯಿಯ ಬುಡದಲ್ಲೇ ಹುಟ್ಟಿ ತಾಯಿಯನ್ನೇ ಮುಚ್ಚಿಬಿಡ್ತವೆ. ಆಮೇಲೆ ತಳಿಯ ಹೆಸರು ಹೇಳಿ ಯಾರಿಗೂ ಕೊಡೋ ಹಾಗಿಲ್ಲ.

ದೊಡ್ಡಮ್ಮ: ಎಸಳಿನ ಬುಡದಲ್ಲಿ ಸಣ್ಣ ಕೂದಲಿದೆ, ಕಂಡ್ಯಾ? ನನ್ನ ಕನ್ನಡಕಕ್ಕೇ ಕಾಣ್ತಿದೆ.

ಮಗಳು: ನೋಡಿದ್ರಾ! ಅದನ್ನೇ 1787ರಲ್ಲಿ ಜರ್ಮನಿಯ ಒಬ್ಬ ಶಾಲೆಯ ಮೇಷ್ಟ್ರು, ಸ್ಪ್ರೆಂಗೆಲ್, ಇದರದ್ದೇ ಒಂದು ಕಾಡುಜಾತಿಯಲ್ಲಿ ನೋಡಿ ಯಾಕೆ ಅಂತ ಕೇಳಿಕೊಂಡ. ಅದರ ಕೆಳಗೆ ಮಕರಂದ ಇದೆ, ಮಳೆಹನಿ ಅದಕ್ಕೆ ಬೆರೆಯದೆ ಇರಲಿ ಅಂತ ಕೂದಲು ಅಂದುಕೊಂಡ. ಹಾಗಾದ್ರೆ ಮಕರಂದ ಯಾರಿಗೆ? ಹುಳಕ್ಕೆ. ಹುಳಕ್ಕೆ ಯಾಕೆ ಕೊಡಬೇಕು? ಹೀಗೆ ಹೂವಿಂದ ಹೂವಿಗೆ ನೋಡ್ತಾ ಹೋಗಿ 1793ರಲ್ಲಿ ಪರಾಗಸ್ಪರ್ಶದ ಮೇಲೆ ದೊಡ್ಡ ಪುಸ್ತಕ ಬರೆದ. ಆಗ ಯಾರೂ ಅಷ್ಟಾಗಿ ಮೂಸಿ ನೋಡಲಿಲ್ಲ. ಎಷ್ಟೋ ಕಾಲ ಆದ ಮೇಲೆ ಡಾರ್ವಿನ್ ಆ ಪುಸ್ತಕವನ್ನ ಎತ್ತಿ ಹಿಡಿದ.

ದೊಡ್ಡಮ್ಮ: ಮೇಷ್ಟ್ರು ಪಾಠ ಬಿಟ್ಟು ಹೂ ನೋಡ್ತಿದ್ರೆ ಶಾಲೆಯವರು ಸುಮ್ಮನಿದ್ರಾ? ಇರಲಿ. ಮರದ ಬುಡದ್ದು ಒಂದು ತುಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಡು. ಸೀರೆ ಮಧ್ಯೆ ಇಟ್ಟುಕೊಂಡು ಹೋಗ್ತೀನಿ. ಹಿತ್ತಿಲ ಹಲಸಿನ ಮರದ ಕೆಳಗೆ ಹಾಕಿ ನೋಡ್ತೀನಿ.

ಮಗಳು: ಬೇಡ ದೊಡ್ಡಮ್ಮ. ಗಿಡ, ಬೇರು, ಬೀಜ ಯಾವುದನ್ನೂ ಆಮದು ಪರವಾನಗಿ, ರೋಗ ಇಲ್ಲ ಅನ್ನೋ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ತಗೊಂಡು ಹೋಗೋ ಹಾಗಿಲ್ಲ. ಈಗ ತಾನೇ ಬೇರು ತಿನ್ನೋ ಹುಳದ ಕಥೆ ಕೇಳಿದ್ರಲ್ಲ, ಅದು ನಿಮ್ಮ ತೋಟಕ್ಕೆ ಬಂದ್ರೆ? ಅದೂ ಅಲ್ದೆ ಇದು ಚಳಿಗಾಲದಲ್ಲಿ ಮಲಗಿ ಏಳೋ ಗಿಡ. ನಿಮ್ಮ ಮಳೆಗಾಲದ ನಾಲ್ಕು ತಿಂಗಳ ಬೆಚ್ಚನೆ ಒದ್ದೆಯಲ್ಲಿ ಬುಡ ಕೊಳೆಯುತ್ತೆ. ನೋಡಲೇಬೇಕು ಅಂದ್ರೆ ಊಟಿ ಕಡೆ ಹೋದಾಗ ಹುಲ್ಲುಗಾವಲಲ್ಲಿ ಬಗ್ಗಿ ನೋಡಿ. ನೇಪಾಳೆನ್ಸೆ ಅನ್ನೋ ಜಾತಿ ನೀಲಗಿರಿಯಲ್ಲಿ ತಾನಾಗೇ ಬೆಳೆಯುತ್ತೆ. ಚಿಕ್ಕ ಹೂ, ಯಾರೂ ಗಮನಿಸಲ್ಲ.

ದೊಡ್ಡಮ್ಮ: ಹೋಗಲಿ ಬಿಡು, ನಂಗೆ ತರಗೆಲೆಯೇ ಸಾಕು. ಆ ಮೂಲೆಯಲ್ಲಿ, ಶೆಡ್ಡಿನ ಪಕ್ಕ, ಏನು ನೆಡಬೇಕು ಅಂತಿದ್ದೀಯ? ಅಲ್ಲಿ ಬಿಳಿ ಗಂಟೆ ಹೂವಿನ ಬಳ್ಳಿ ಬೇಲಿ ಹತ್ತಿದ್ದು ನಾನು ನೋಡಿದೆ.

ಮಗಳು: ಮ್ಯಾಕ್ರೋರೈಝಂ ಒಂದಿಷ್ಟು ಮುರಿದು ಈ ಸೆಪ್ಟೆಂಬರಿಗೆ...

ದೊಡ್ಡಮ್ಮ: ಈ ಸೆಪ್ಟೆಂಬರಿಗೆ ಅಲ್ಲಿ ಏನೂ ನೆಡಬೇಡ. ನಾಳೆ ಬೆಳಿಗ್ಗೆ ಇಬ್ಬರೂ ಅಗೆಯೋಣ. ನಾನು ಹೋದ ಮೇಲೆ ಪ್ರತಿ ಹದಿನೈದು ದಿನಕ್ಕೊಮ್ಮೆ ನೀನು ಅಗಿ. ಚಿಗುರು ಕಾಣೋದು ನಿಂತ ಮೇಲೂ ಒಂದು ಬೇಸಿಗೆ ಖಾಲಿ ಬಿಡು.

ಮಗಳು: ಒಂದು ವರ್ಷ ಬರೀ ಮಣ್ಣಾ?

ದೊಡ್ಡಮ್ಮ: ಆಲೂಗಡ್ಡೆ ಹಾಕು. ಅಗೆಯೋಕೆ ನೆಪ ಆಗುತ್ತೆ.